ಗಾಳ ಬಿಚ್ಚುವ ಮೊದಲು ಅಲೆ ನೋಡಿ: ಕರಾವಳಿಯ ಬಂಡೆ, ಮೀನು, ಏಡಿ

(ಕಲಬುರಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಗಾಳದ ಹವ್ಯಾಸ ಇರುವವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ನಮ್ಮ ರೈಲು ನಿಲ್ದಾಣದ ಹಳದಿ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಊರಿನ ಹೆಸರಿನ ಜೊತೆಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತಲೂ ಅದರಲ್ಲಿ ಬರೆದಿರುತ್ತಾರೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ನಮಗೆ ಸಮುದ್ರ ಅಂದರೆ ದೂರದ ಮಾತು. ಆದರೂ ದೀಪಾವಳಿ ಮುಗಿದರೆ ಸಾಕು, ಗೋಕರ್ಣ, ಮುರ್ಡೇಶ್ವರ, ಕಾರವಾರ ಅಂತ ಗಾಡಿಗಳು ಹೊರಡುತ್ತವೆ. ಈಚೆಗೆ ಆ ಗಾಡಿಗಳಲ್ಲಿ ಗಾಳದ ಕೋಲೂ ಇರುತ್ತವೆ. ಭೀಮೆಯಲ್ಲಿ, ಕಾಗಿಣಾದಲ್ಲಿ, ಬೆಣ್ಣೆತೊರೆ ಡ್ಯಾಮಿನ ದಡದಲ್ಲಿ ಗಾಳ ಹಾಕಿ ಪಳಗಿದ ಹುಡುಗರು ಇವರು. ಅವರಿಗಾಗಿಯೇ ಈ ಮಾತು.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬಹುದು. ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮುಳಬಾಗಿಲೂ ನಮ್ಮ ಹಾಗೆ ಸಮುದ್ರ ಕಾಣದ ಬಯಲುಸೀಮೆ. ಆ ಸುದ್ದಿ ಓದಿದ ದಿನದಿಂದ ನನಗೆ ಒಂದು ತಳಮಳ. ನೀರು ನೋಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಅರ್ಥವಾಗದ ವಿಷಯವೇನೂ ಅಲ್ಲ ಅದು.

ನಾನು ಆಳಂದ ತಾಲ್ಲೂಕಿನವನು. ಶಾಲೆ ಮಾಸ್ತರನಾಗಿ ಕುಮಟಾ ಕಡೆ ಬಹಳ ವರ್ಷ ಇದ್ದೆ. ಅಲ್ಲಿಯ ಮೀನುಗಾರ ಸಮುದಾಯದವರು, ಅಂಬಿಗರು, ಹರಿಕಂತ್ರರು, ಖಾರ್ವಿಗಳು ನನಗೆ ಕಡಲನ್ನು ತೋರಿಸಿಕೊಟ್ಟರು. ಅಂಬಿಗರು ಅಂದ ಕೂಡಲೇ ನಮಗೆ ಚೌಡಯ್ಯ ಶರಣರು ನೆನಪಾಗುತ್ತಾರೆ, ಭೀಮೆಯ ದಡದ ಕಬ್ಬಲಿಗರು ನೆನಪಾಗುತ್ತಾರೆ. ಹರಿಗೋಲು, ಬೀಸು ಬಲೆ, ಗಾಳ ಯಾವುದೂ ನಮ್ಮ ಕಡೆಗೆ ಹೊಸದಲ್ಲ. ನದಿ ಗೊತ್ತು ಅನ್ನುವ ಆ ಧೈರ್ಯವೇ ಸಮುದ್ರದ ದಡದಲ್ಲಿ ಅಪಾಯಕ್ಕೆ ದಾರಿ ಮಾಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ಭೀಮೆಯ ನೀರು ಒಂದೇ ದಿಕ್ಕಿಗೆ ಹೋಗುತ್ತದೆ. ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ, ಅದು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಹಳ್ಳಿಗಳಲ್ಲಿ ಡಂಗುರ ಸಾರುತ್ತಾರೆ. ಘತ್ತರಗಿ ಸೇತುವೆ ಮುಳುಗುವುದಕ್ಕೂ ಒಂದು ಲೆಕ್ಕ ಇದೆ. ನೀರು ಏರುವುದು ಕಣ್ಣಿಗೆ ಕಾಣುತ್ತದೆ, ಎದ್ದು ಹೋಗಲು ಹೊತ್ತು ಸಿಗುತ್ತದೆ. ಸಮುದ್ರ ಹಾಗಲ್ಲ. ಕಾಲು ಗಂಟೆ ಬಂಡೆಯ ಬುಡದಲ್ಲೇ ಆಡಿಕೊಂಡಿರುವ ಅಲೆ, ಆಮೇಲೆ ಇದ್ದಕ್ಕಿದ್ದಂತೆ ನಾಲ್ಕು ಸಾಲಾಗಿ ಎದ್ದು ಬಂಡೆಯ ನೆತ್ತಿ ತೊಳೆದು ಹೋಗುತ್ತದೆ. ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ. ನಿಂತವನಿಗೆ ಏನು ಬಂತು ಅಂತಲೂ ತಿಳಿಯುವುದಿಲ್ಲ.

ಆ ಅಲೆ ಎಲ್ಲಿಂದ ಬಂತು? ಬಹಳ ಸಲ ಅದು ಇಲ್ಲಿಯದೇ ಅಲ್ಲ. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾ ಕಡೆ, ದೊಡ್ಡ ಬಿರುಗಾಳಿ ಬೀಸುತ್ತದೆ. ಅಲ್ಲಿ ಎದ್ದ ಅಲೆಗಳು ಉದ್ದುದ್ದನೆಯ ಉಬ್ಬಾಗಿ ಉತ್ತರಕ್ಕೆ ಹೊರಡುತ್ತವೆ. ಒಂದು ಉಬ್ಬಿಗೂ ಮುಂದಿನ ಉಬ್ಬಿಗೂ 15 ಸೆಕೆಂಡು ಅಂತರ ಇದೆ ಅಂತಿಟ್ಟುಕೊಳ್ಳಿ. ಅಂಥ ಅಲೆಗಳ ಗುಂಪು ಆಳದ ನೀರಿನಲ್ಲಿ ದಿನಕ್ಕೆ ಸುಮಾರು 1,000 ಕಿಲೋಮೀಟರ್ ಸಾಗುತ್ತದೆ. ಹಾಗಾಗಿ ಅಲ್ಲಿಯ ಬಿರುಗಾಳಿ ನಿಂತು ಎಷ್ಟೋ ದಿನವಾದ ಮೇಲೆ ಅದರ ಅಲೆ ನಮ್ಮ ಕರಾವಳಿಗೆ ಬಡಿಯುತ್ತದೆ. ನಡುಗಡಲಿನಲ್ಲಿ ಈ ಉಬ್ಬು ದೋಣಿಯವರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ದಡದ ಹತ್ತಿರ ನೀರು ತೆಳುವಾಗುತ್ತಾ ಬಂದಂತೆ ಅದು ಮೇಲೆದ್ದು ನಿಲ್ಲುತ್ತದೆ. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಹೀಗೇ ಸಮುದ್ರ ಉಕ್ಕಿ ಮನೆಗಳಿಗೆ ನುಗ್ಗಿತು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇಂಥದ್ದು ಜಾಸ್ತಿ. ನಮ್ಮ ಮಕ್ಕಳಿಗೆ ರಜೆ ಇರುವುದೂ ಆಗಲೇ ಅಲ್ವಾ?

ಈಗ ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ. ಈ ಅಲೆಗಳ ಮುನ್ಸೂಚನೆ ತಯಾರಾಗುವುದು ಯಾವ ಬಂದರಿನಲ್ಲೂ ಅಲ್ಲ, ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್‌ಕಾಯಿಸ್ ಅನ್ನುತ್ತಾರೆ, 1999ರಲ್ಲಿ ಅಲ್ಲಿ ಶುರುವಾಯಿತು. 2007ರಿಂದ ಸುನಾಮಿ ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. ಗೋಕರ್ಣದ ಬಂಡೆಗೆ ನಾಳೆ ಎಂಥ ಅಲೆ ಬಡಿಯುತ್ತದೆ ಅಂತ ಲೆಕ್ಕ ಹಾಕುವ ಜಾಗ, ಗೋಕರ್ಣಕ್ಕಿಂತ ನಮಗೆ ಹತ್ತಿರ ಇದೆ! ಅವರ ಮುನ್ಸೂಚನೆ ಮೊಬೈಲಿನಲ್ಲೇ ಸಿಗುತ್ತದೆ, ದುಡ್ಡು ಬೇಕಿಲ್ಲ. ಬಸ್ಸು ಹತ್ತುವ ಮೊದಲೇ, ಇಲ್ಲೇ ಸೂಪರ್ ಮಾರ್ಕೆಟ್ ಚೌಕದಲ್ಲಿ ನಿಂತು ನೋಡಬಹುದು.

ನೋಡುವಾಗ ಒಂದು ವಿಷಯ ತಿಳಿದಿರಬೇಕು. ಅಲೆಯ ಎತ್ತರ 1.5 ಮೀಟರ್ ಅಂತ ಬರೆದಿದ್ದರೆ, ಎಲ್ಲ ಅಲೆಯೂ ಅಷ್ಟೇ ಇರುತ್ತದೆ ಅಂತ ಅರ್ಥ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲನ್ನು ತೆಗೆದುಕೊಂಡು ಅವುಗಳ ಸರಾಸರಿ ಹೇಳುತ್ತಾರೆ. ಅದೇ ದಿನ, ಅದೇ ಜಾಗದಲ್ಲಿ ಆಗಾಗ ಒಂದು ಅಲೆ ಅದರ ಎರಡರಷ್ಟು ಹತ್ತಿರ ಬರುತ್ತದೆ. 1.5 ಅಂದರೆ 3 ಮೀಟರ್ ಅಲೆಗೆ ತಯಾರಿರಬೇಕು. ಇನ್ನೊಂದು ಅಂಕಿ ಅಲೆಗಳ ನಡುವಿನ ಸೆಕೆಂಡು. ಅದು ಏಳೆಂಟು ಇದ್ದರೆ ಹತ್ತಿರದ ಗಾಳಿಯ ಅಲೆ. ಹದಿನಾಲ್ಕು, ಹದಿನೈದು ದಾಟಿದರೆ ದೂರದ ಉಬ್ಬು ಬರುತ್ತಿದೆ ಅಂತ ತಿಳಿಯಿರಿ. ಅಂಥ ದಿನ ಎತ್ತರದ ಅಂಕಿ ಚಿಕ್ಕದಿದ್ದರೂ ನಾನು ಬಂಡೆ ಹತ್ತುವುದಿಲ್ಲ.

ಆಮೇಲೆ ಭರತ, ಇಳಿತ, ಅಂದರೆ ಕಡಲಿನ ನೀರು ಏರುವುದು, ಇಳಿಯುವುದು. ಇದಕ್ಕೆ ಮನೆಯ ಗೋಡೆಯ ಪಂಚಾಂಗವೇ ಸಾಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಎರಡೂ ಏರಿಕೆ ಒಂದೇ ಎತ್ತರ ಇರುವುದಿಲ್ಲ. ಕಾರವಾರ, ಕುಮಟಾ ಕಡೆ ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಪೂರ್ತಿ ಭರತ ಹೆಚ್ಚುಕಡಿಮೆ 11 ಗಂಟೆಯ ಆಸುಪಾಸಿಗೆ ಬರುತ್ತದೆ, ಹಗಲೂ ರಾತ್ರಿಯೂ. ಇಳಿತ ಬೆಳಗಿನ ಜಾವ 5ರ ಹೊತ್ತಿಗೆ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಪಂಚಮಿಗೆ ಮಧ್ಯಾಹ್ನ 3ರ ಮೇಲೆ ಭರತ. ಅಷ್ಟಮಿಗೆ ಸಂಜೆ ಐದೂವರೆಯ ಸುಮಾರಿಗೆ. ಇದು ಅಂದಾಜಿನ ಲೆಕ್ಕ. ಸರಿಯಾದ ಹೊತ್ತು ಬೇಕಾದರೆ ಭರತದ ಪಟ್ಟಿ ನೋಡಬೇಕು. ಆದರೆ ತಿಥಿ ಕೇಳಿದರೆ ಸಾಕು, ಅಲ್ಲಿಯ ಮೀನುಗಾರರು ಬಾಯಲ್ಲೇ ಹೊತ್ತು ಹೇಳುತ್ತಾರೆ.

ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಏರಿಳಿತ ದೊಡ್ಡದು. ಉತ್ತರ ಕನ್ನಡದಲ್ಲಿ ಅದು ಎರಡು ಮೀಟರ್ ಹತ್ತಿರ ಹೋಗುತ್ತದೆ. ಅಷ್ಟಮಿಯ ಸುತ್ತ ಚಿಕ್ಕದು. ಇನ್ನೂ ಒಂದು ಸೂಕ್ಷ್ಮ ಇದೆ. ನೀರು ಆರು ಗಂಟೆ ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆ ನಿಧಾನ, ಕೊನೆಯ ಗಂಟೆಯೂ ನಿಧಾನ. ನಡುವಿನ ಎರಡು ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಏರಿಬಿಡುತ್ತದೆ. ಬಂಡೆಯ ತುದಿಯಲ್ಲಿ ಕೂತವನಿಗೆ ಮೊದಲ ಎರಡು ಗಂಟೆ ಏನೂ ಆಗಿಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ಹಿಂದಿನ ತಗ್ಗಿನಲ್ಲಿ ನೀರು ತುಂಬಿ, ವಾಪಸ್ ಬರುವ ದಾರಿ ಮುಚ್ಚಿರುತ್ತದೆ. ಗೋಕರ್ಣದ ಕಡೆ ಓಂ ಬೀಚ್, ಹಾಫ್ ಮೂನ್ ಬೀಚ್ ನಡುವಿನ ಕಲ್ಲುಗಳಲ್ಲಿ ಇಂಥ ತಗ್ಗುಗಳು ಬಹಳ.

ಗಾಳಿಯ ಮಾತು ಚಿಕ್ಕದು. ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ನಯವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರು ಕದಡುತ್ತದೆ. ಹಾಗಾಗಿ ಬೆಳಗೇ ಒಳ್ಳೆಯದು.

ಈಗ ಬಂಡೆಗೆ ಬರೋಣ. ನಮ್ಮ ಕರಾವಳಿ ಒಟ್ಟು ಸುಮಾರು 320 ಕಿಲೋಮೀಟರ್. ದಕ್ಷಿಣದಲ್ಲಿ ಉದ್ದನೆಯ ಮರಳು ದಡ ಜಾಸ್ತಿ. ಉತ್ತರ ಕನ್ನಡದಲ್ಲಿ ಘಟ್ಟದ ಗುಡ್ಡಗಳು ಕಡಲಿನವರೆಗೂ ಬಂದು ಮೂತಿ ಚಾಚಿವೆ. ಆ ಮೂತಿಗಳ ಕೆಳಗೆ ಮೀನು ಇರುತ್ತದೆ. ಕಾರಣ ಇಷ್ಟೇ. ಕಲ್ಲಿಗೆ ಚಿಪ್ಪುಗಳು, ಪಾಚಿ, ಸಣ್ಣ ಏಡಿಗಳು ಅಂಟಿಕೊಂಡಿರುತ್ತವೆ. ಅಲೆ ಬಡಿದಾಗ ಅವು ಕಿತ್ತು ನೀರಿಗೆ ಬೀಳುತ್ತವೆ. ಬಿಳಿ ನೊರೆಯಲ್ಲಿ ಗಾಳಿ ಬೆರೆತಿರುತ್ತದೆ, ಮರೆಯೂ ಸಿಗುತ್ತದೆ. ಕಲ್ಲಿನ ಸಂದಿಯಲ್ಲಿ ಮುರು ಮೀನು ಹೊಂಚು ಹಾಕುತ್ತದೆ. ಹೊತ್ತು ಹುಟ್ಟುವಾಗ, ಮುಳುಗುವಾಗ ದೊಡ್ಡ ಮೀನುಗಳು ಸಣ್ಣ ಮೀನಿನ ಹಿಂದೆ ಬಂಡೆಯ ಬುಡದವರೆಗೂ ಬರುತ್ತವೆ.

ಕುಮಟಾದಲ್ಲಿ ಮೊದಲ ಸಲ ನನ್ನನ್ನು ಬಂಡೆಗೆ ಕರೆದುಕೊಂಡು ಹೋದ ಹಿರಿಯರು ಗಾಳ ಬಿಚ್ಚಲು ಬಿಡಲೇ ಇಲ್ಲ. "ಮಾಸ್ತರ್ರೆ, ಮೊದಲು ಕಲ್ಲು ನೋಡಿ. ಒಣ ಕಲ್ಲು ಎಲ್ಲಿಂದ ಶುರು ಆಗ್ತದೆ ಹೇಳಿ" ಅಂದರು. ಇಪ್ಪತ್ತು ನಿಮಿಷ ಮೇಲೆಯೇ ಕೂರಿಸಿದರು. ಆ ಇಪ್ಪತ್ತು ನಿಮಿಷದಲ್ಲಿ ದೊಡ್ಡ ಅಲೆಗಳ ಸಾಲು ಬಂದೇ ಬರುತ್ತದೆ. ಅದು ಎಲ್ಲಿಯವರೆಗೆ ಕಲ್ಲನ್ನು ಒದ್ದೆ ಮಾಡಿತು ಅಂತ ಗುರುತು ಹಾಕಿಕೊಳ್ಳಬೇಕು. ನಿಲ್ಲುವ ಜಾಗ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಕಪ್ಪಗೆ, ಹಸಿರಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬಾರದು. ಆ ಪಾಚಿ ಜಾರುತ್ತದೆ, ಅದಕ್ಕಿಂತ ಮುಖ್ಯವಾಗಿ ಅಲ್ಲಿಯವರೆಗೆ ನೀರು ದಿನಾ ಬರುತ್ತದೆ ಅಂತ ಅದು ಹೇಳುತ್ತಿರುತ್ತದೆ. ಕೆಂಪು ಜಂಬಿಟ್ಟಿಗೆ ಕಲ್ಲು ಒರಟು, ಕಾಲು ಹಿಡಿಯುತ್ತದೆ. ಆದರೆ ಅಂಚು ಪುಡಿಯಾಗಿ ಕುಸಿಯುತ್ತದೆ. ಗಟ್ಟಿ ಕರಿಕಲ್ಲು ಕುಸಿಯುವುದಿಲ್ಲ, ಆದರೆ ಒದ್ದೆಯಾದರೆ ನಯ. ಹವಾಯಿ ಚಪ್ಪಲಿ ಎರಡಕ್ಕೂ ಬೇಡ.

ಕಡಲಿಗೆ ಬೆನ್ನು ಹಾಕಬೇಡಿ. ಸೆಲ್ಫಿ ಅಂದರೆ ಬೆನ್ನು ಹಾಕುವುದೇ. ಗಾಳದ ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ. ಕಲ್ಲಿನಲ್ಲಿ ಸೀಸದ ಗುಂಡು ಸಿಕ್ಕಿಹಾಕಿಕೊಳ್ಳುವುದು ಸಹಜ. ಆ ಗುಂಡನ್ನು ತೆಳು ದಾರದಲ್ಲಿ ಕಟ್ಟಿ, ಎಳೆದರೆ ಅದೊಂದೇ ಕಿತ್ತು ಹೋಗುತ್ತದೆ. ಬಿಡಿಸಲು ಅಂತ ಕೆಳಗೆ ಇಳಿಯುವ ಕೆಲಸ ತಪ್ಪುತ್ತದೆ. ಬಂಡೆಯ ಮೇಲಿನ ಎಷ್ಟೋ ಅವಘಡ ಹೀಗೆ ಗಾಳ ಬಿಡಿಸಲು ಇಳಿದಾಗಲೇ ಆಗುತ್ತದೆ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ನಮ್ಮ ಕೆರೆ, ಹೊಳೆಗಳಲ್ಲೇ ಎಷ್ಟು ಓದಿಲ್ಲ? ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಎಣ್ಣೆ ಡಬ್ಬಿಗೆ ಉದ್ದ ಹಗ್ಗ ಕಟ್ಟಿ ಜೊತೆಗೆ ಒಯ್ಯಿರಿ. ಅದನ್ನು ಎಸೆಯಿರಿ. 112ಕ್ಕೆ ಫೋನ್ ಮಾಡಿ. ಬಿದ್ದವರು ಅಲ್ಲೇ ಕಲ್ಲು ಹತ್ತಲು ಒದ್ದಾಡಬಾರದು, ಅಲೆ ಮತ್ತೆ ಮತ್ತೆ ಕಲ್ಲಿಗೇ ಬಡಿಯುತ್ತದೆ. ಈಜು ಬಂದರೆ ನೊರೆ ದಾಟಿ ಹೊರಕ್ಕೆ ಹೋಗಿ, ಡಬ್ಬಿ ತಬ್ಬಿಕೊಂಡು ತೇಲುತ್ತಾ ಕಾಯುವುದೇ ಕ್ಷೇಮ.

ಮೊದಲ ಸಲ ಹೋಗುವವರಿಗೆ ನಾನು ಮರಳು ದಡವನ್ನೇ ಹೇಳುತ್ತೇನೆ. ಮರಳಿನಲ್ಲಿ ಕಾಣೆ ಮೀನು ಸಿಗುತ್ತದೆ. ಉದ್ದ ದೇಹ, ಬಿಳಿ ಮೈ, ರುಚಿ ಬಹಳ. ಅಲೆ ಒಡೆಯುವ ಜಾಗಕ್ಕೂ ದಡಕ್ಕೂ ನಡುವೆ ಒಂದು ಕಾಲುವೆಯಂಥ ತಗ್ಗು ಇರುತ್ತದಲ್ಲ, ಅಲ್ಲಿ ಅದು ಮರಳು ಕೆದಕಿ ಹುಳ ತಿನ್ನುತ್ತದೆ. ಹಾಗಾಗಿ ಬಹಳ ದೂರ ಎಸೆಯಬೇಕಿಲ್ಲ. ಸಣ್ಣ ಕೊಕ್ಕೆ, ಸೀಗಡಿಯ ಚೂರು, ಹಗುರ ಗುಂಡು. ಇಳಿತದ ಹೊತ್ತಿಗೆ ಹೋದರೆ ತಗ್ಗು ಎಲ್ಲಿದೆ, ದಿಬ್ಬ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ನೋಡಿಟ್ಟುಕೊಂಡು, ನೀರು ಏರಲು ಶುರುವಾದ ಮೇಲೆ ಗಾಳ ಹಾಕಿ.

ಮರಳು ದಡದ ಅಪಾಯ ಬೇರೆ. ಅಲೆಗಳು ದಡಕ್ಕೆ ತಂದ ನೀರು ಎಲ್ಲೋ ಒಂದು ಕಡೆ ವಾಪಸ್ ಹೋಗಲೇಬೇಕು. ದಿಬ್ಬ ತುಂಡಾದ ಜಾಗದಲ್ಲಿ ಅದು ರಭಸವಾಗಿ ಹೊರಕ್ಕೆ ಹರಿಯುತ್ತದೆ. ಅಕ್ಕಪಕ್ಕ ಅಲೆ ಒಡೆದು ಬೆಳ್ಳಗಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಕಡುಬಣ್ಣಕ್ಕೆ, ಶಾಂತವಾಗಿ ಕಾಣುತ್ತದೆ. ಹೊಸಬರು ಇಲ್ಲೇ ಅಲೆ ಇಲ್ಲ ಅಂತ ಇಳಿಯುತ್ತಾರೆ. ಅದೇ ಎಳೆದೊಯ್ಯುವ ಜಾಗ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. ಗಾಳ ಹಾಕುವವರು ಮೊಣಕಾಲಿಗಿಂತ ಆಳ ಹೋಗುವ ಅಗತ್ಯವೇ ಇಲ್ಲ. ನೀರಿನಲ್ಲಿ ಕಾಲು ಎತ್ತಿಡದೆ ಉಜ್ಜುತ್ತಾ ನಡೆಯಿರಿ. ಮರಳಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ. ತುಳಿದರೆ ಅದರ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟುಕೊಂಡು, ಬೇಗ ಆಸ್ಪತ್ರೆಗೆ ಹೋಗಬೇಕು.

ಯಾವ ತಿಂಗಳು ಅಂತ ಕೇಳುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಹತ್ತಿರ ಹೋಗಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೇ ನಿಷೇಧ ಇರುತ್ತದೆ. ಬಹಳಷ್ಟು ಮೀನು ಮರಿ ಮಾಡುವ ಕಾಲ ಅದು. ಅಕ್ಟೋಬರ್ ಕೊನೆಯಿಂದ ನೀರು ತಿಳಿಯಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ನನ್ನ ಪ್ರಕಾರ ಒಳ್ಳೆಯ ಕಾಲ.

ಇನ್ನು ಏಡಿ. ನನಗೆ ಇದು ಬಹಳ ಇಷ್ಟದ ವಿಷಯ. ಏಡಿಗಾಗಿ ಬಂಡೆ ಹತ್ತುವುದೇ ಬೇಡ, ಅಳಿವೆಗೆ ಹೋಗಿ. ಹೊಳೆ ಕಡಲು ಸೇರುವ ಜಾಗ ಅದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಉತ್ತರ ಕನ್ನಡ ಜಿಲ್ಲೆಯಲ್ಲೇ ಕಡಲು ಸೇರುತ್ತವೆ. ಅವುಗಳಲ್ಲಿ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮಣ್ಣು, ಎಲೆ, ಸಿಹಿನೀರು ತಡೆಯಿಲ್ಲದೆ ಕೆಳಗೆ ಬರುತ್ತದೆ. ಅದಕ್ಕೇ ಆ ಅಳಿವೆ ಅಷ್ಟು ಸಮೃದ್ಧ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಗುರುತು, ಸಿಕ್ಕಿತು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬಳಚು ಅನ್ನುವ ತಿನ್ನುವ ಚಿಪ್ಪು ಆಯುತ್ತಿರುತ್ತಾರೆ. ಎಷ್ಟೋ ಮನೆಗಳ ಅನ್ನ ಆ ಚಿಪ್ಪುಗಳಿಂದ ನಡೆಯುತ್ತದೆ.

ಅಲ್ಲಿ ಗಜನಿ ಅಂತ ಗದ್ದೆಗಳಿವೆ. ಕಡಲಿನ ಉಪ್ಪುನೀರು ಬಂದು ಹೋಗುವ ತಗ್ಗು ಭೂಮಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ ಭತ್ತ ಅದು. ಕೊಯ್ಲಾದ ಮೇಲೆ ಬದುವಿನ ಹಲಗೆಯ ಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸೀಗಡಿ, ಮೀನು, ಏಡಿ ಮರಿಗಳು ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಹೊಲದಲ್ಲಿ ಅನ್ನವೂ ಸಾರೂ. ಆ ಗದ್ದೆಗಳಿಗೆ ಮಾಲೀಕರಿದ್ದಾರೆ, ಹಕ್ಕುಗಳಿವೆ. ಕೇಳದೆ ಬಲೆ ಹಾಕಬಾರದು. ಕೇಳಿದರೆ ಬಹಳ ಪ್ರೀತಿಯಿಂದ ತೋರಿಸುತ್ತಾರೆ.

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ದೊಡ್ಡ ಏಡಿ ಇರುತ್ತದೆ. ಅದರ ಕೊಂಬಿಗೆ ಬೆರಳು ಸಿಕ್ಕರೆ ಮೂಳೆಗೂ ಪೆಟ್ಟು. ಕಬ್ಬಿಣದ ಬಳೆಗೆ ಬಲೆ ಕಟ್ಟಿ, ನಡುವೆ ಮೀನಿನ ತಲೆ ಬಿಗಿದು ನೀರಿಗೆ ಇಳಿಸುತ್ತಾರೆ. ಭರತ ಶುರುವಾಗಿ ನೀರು ಗಿಡಗಳ ಬುಡಕ್ಕೆ ಏರುವಾಗ ಏಡಿ ಬಿಲ ಬಿಟ್ಟು ಹೊರಡುತ್ತದೆ. ಅದೇ ಹೊತ್ತು. ಹತ್ತು ನಿಮಿಷಕ್ಕೊಮ್ಮೆ ಬಲೆಯನ್ನು ಒಂದೇ ಸಮನೆ ಎತ್ತಬೇಕು. ಕಡಲಿನ ಮರಳಿನಲ್ಲಿ ಸಿಗುವುದು ಬೇರೆ ಜಾತಿ. ಬೆನ್ನಿನ ಮೇಲೆ ಮೂರು ಚುಕ್ಕಿ ಇರುವುದೊಂದು, ಶಿಲುಬೆಯ ಗುರುತಿರುವುದೊಂದು, ನೀಲಿ ಕಾಲಿನದೊಂದು.

ಏಡಿ ತಿರುಗಿಸಿ ಹೊಟ್ಟೆ ನೋಡಿ. ಹೊಟ್ಟೆಯ ಮಡಿಕೆ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಮಡಿಕೆಯ ಕೆಳಗೆ ಕಿತ್ತಳೆ ಅಥವಾ ಕಂದು ಬಣ್ಣದ ಮೊಟ್ಟೆಯ ಗೊಂಚಲು ಇದ್ದರೆ ದಯವಿಟ್ಟು ವಾಪಸ್ ಬಿಡಿ. ಲಕ್ಷಗಟ್ಟಲೆ ಮೊಟ್ಟೆ ಅವು. ಹೊಟ್ಟೆ ಒತ್ತಿದಾಗ ಮೆತ್ತಗಿದ್ದರೆ ಅದು ಈಗಷ್ಟೇ ಚಿಪ್ಪು ಬದಲಿಸಿದೆ, ಒಳಗೆ ನೀರೇ ಜಾಸ್ತಿ. ಅದನ್ನೂ ಬಿಡಿ. ಅಂಗೈಗಿಂತ ಚಿಕ್ಕದನ್ನೂ ಬಿಡಿ. ಅಲ್ಲಿಯವರಿಗೆ ಅದು ಹೊಟ್ಟೆಪಾಡು, ನಮಗೆ ಒಂದು ರಜೆಯ ಖುಷಿ.

ಪ್ರಶ್ನೆಗಳು ಬಹಳ ಬಂದವು. ಅಕ್ಕ ಒಬ್ಬರು, ನಮ್ಮ ಹೊಲದ ಬದುವಿನ ಏಡಿಗೂ ಕಡಲಿನ ಏಡಿಗೂ ಏನು ವ್ಯತ್ಯಾಸ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕಡಲಿನ ಏಡಿಯ ಮೊಟ್ಟೆ ಒಡೆದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ನೀರಿನಲ್ಲಿ ತೇಲಿ ಹೋಗುತ್ತದೆ. ಹಲವು ರೂಪ ಬದಲಿಸಿ ಕೊನೆಗೆ ಏಡಿಯಾಗುತ್ತದೆ. ನಮ್ಮ ಹೊಲ, ಹಳ್ಳದ ಏಡಿಗೆ ಆ ಸೌಲಭ್ಯ ಇಲ್ಲ. ಅದರ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಬರುತ್ತದೆ. ತಾಯಿ ಅವನ್ನು ಹೊಟ್ಟೆಯ ಮಡಿಕೆಯಲ್ಲಿ ಕೆಲವು ದಿನ ಹೊತ್ತು ತಿರುಗುತ್ತದೆ. ಹಾಗಾಗಿ ಅದರ ಮೊಟ್ಟೆ ಕೆಲವು ನೂರು ಮಾತ್ರ. ಮೊದಲ ಮಳೆಗೆ ಹೊರಬಂದ ಏಡಿಗಳನ್ನೆಲ್ಲ ಚೀಲ ತುಂಬಿದರೆ ಆ ಹಳ್ಳದಲ್ಲಿ ಬೇಗ ಮುಗಿದುಹೋಗುತ್ತವೆ. ಹಳ್ಳದ ಏಡಿಯನ್ನು ಅರೆಬೇಯಿಸಿ ತಿನ್ನಲೂಬಾರದು. ಅದರಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳ ಇರಬಹುದು, ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ.

ಯಾದಗಿರಿಯಿಂದ ಬಂದಿದ್ದ ಒಬ್ಬ ತಮ್ಮ, ಕುಮಟಾದಿಂದ ಏಡಿಯನ್ನು ಮನೆಯವರೆಗೆ ತರಬಹುದಾ ಅಂದ. ಕೆಸರಿನ ಏಡಿಯನ್ನು ತರಬಹುದು. ಕೊಂಬುಗಳನ್ನು ಹಗ್ಗದಿಂದ ಬಿಗಿದು, ಗಾಳಿಯಾಡುವ ಬುಟ್ಟಿಯಲ್ಲಿ ಒದ್ದೆ ಗೋಣಿಚೀಲ ಮುಚ್ಚಿದರೆ ರಾತ್ರಿ ಬಸ್ಸಿನಲ್ಲಿ ಬದುಕಿಯೇ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೀರು ತುಂಬಿ ಹಾಕಿದರೆ ಮಾತ್ರ ಸಾಯುತ್ತದೆ, ಆ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ. ಮೂರು ಚುಕ್ಕಿಯ ಏಡಿ ನೀರಿನಿಂದ ತೆಗೆದ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ. ಅದನ್ನು ಅಲ್ಲೇ ಬೇಯಿಸಿ ತಿಂದು ಬನ್ನಿ. ದಾರಿಯಲ್ಲಿ ಯಾವುದಾದರೂ ಸತ್ತು ವಾಸನೆ ಬಂದಿದ್ದರೆ, ಎಷ್ಟೇ ದುಡ್ಡು ಕೊಟ್ಟಿದ್ದರೂ ಅಡುಗೆಮನೆಗೆ ಒಯ್ಯದೆ ಎಸೆದುಬಿಡಿ.